ಹೊಸಬರಿಗೆ ಎಲ್ಡನ್ ರಿಂಗ್ ಬಿಲ್ಡ್: ನಾನು ಚೀಟಿ ಬರೆಯುವ ರೀತಿ

ಎಲ್ಡನ್ ರಿಂಗ್ ಅನ್ನೋ ವಿಡಿಯೋ ಗೇಮ್ ಬಂದಿದ್ದು 2022ರ ಫೆಬ್ರವರಿಯಲ್ಲಿ. ಈಗಲೂ ಯಾರಾದರೂ ಹೊಸದಾಗಿ ಶುರು ಮಾಡಿದರೆ ನನ್ನ ಹತ್ತಿರ ಕೇಳೋದು ಒಂದೇ, "ಒಂದು ಒಳ್ಳೇ ಬಿಲ್ಡ್ ಹೇಳು ಗುರು." ಬಿಲ್ಡ್ ಅಂದರೆ ಪಾತ್ರಕ್ಕೆ ಯಾವ ಆಯುಧ, ಯಾವ ಶಕ್ತಿ ಎಷ್ಟು ಅನ್ನೋ ಯೋಜನೆ. ನೆಟ್‌ನಲ್ಲಿ ಬಿಲ್ಡ್‌ಗಳಿಗೇನೂ ಬರವಿಲ್ಲ. ಆದರೆ ಹೆಚ್ಚಿನವು ಲೆವೆಲ್ 150ರ ಲೆಕ್ಕದಲ್ಲಿ ಇರುತ್ತವೆ. ಆ ಕತ್ತಿ, ಈ ತಾಲಿಸ್ಮನ್, ಹೊಡೆಯೋ ಮುಂಚೆ ಹಾಕಿಕೊಳ್ಳಬೇಕಾದ ಮೂರು ಮಂತ್ರ. ಇನ್ನೂ ಮೊದಲ ಬಾಸ್ (ದೊಡ್ಡ ಶತ್ರು) ಮುಖ ನೋಡದವರಿಗೆ ಇದನ್ನು ಕೊಡೋದು ಅಂದ್ರೆ, ಅಡುಗೆ ಕಲಿಯೋಕೆ ಬಂದವರ ಕೈಗೆ ಮದುವೆ ಊಟದ ಸಾಮಾನು ಪಟ್ಟಿ ಕೊಟ್ಟ ಹಾಗೆ.

ಹಾಗಾಗಿ ನಾನು ಒಂದು ಚೀಟಿ ಬರೆದು ಕೊಡುತ್ತೇನೆ. ಲೆವೆಲ್ 40ಕ್ಕೆ ಅದು ಮುಗಿಯುತ್ತೆ. ಒಂದು ಕ್ಲಾಸ್ (ಶುರುವಿನ ಪಾತ್ರ), ಒಂದು ಆಯುಧ, ಅದು ಸಿಗುವ ಜಾಗ, ಯಾವ ಸ್ಟ್ಯಾಟ್ (ಪಾತ್ರದ ಶಕ್ತಿಯ ಅಂಕಿ) ಎಲ್ಲಿವರೆಗೆ. ಅಷ್ಟೇ.

ಬರೆಯೋ ಮುಂಚೆ ಅವರು ಆಡೋದನ್ನು ಒಂದರ್ಧ ಗಂಟೆ ಪಕ್ಕದಲ್ಲಿ ಕೂತು ನೋಡುತ್ತೇನೆ. ಯಾವ ಕತ್ತಿ ಇಷ್ಟ ಅಂತ ಕೇಳಲ್ಲ. ಇಷ್ಟದ ಕತ್ತಿ ಎಲ್ಲರಿಗೂ ಯಾವುದೋ ವಿಡಿಯೋದಲ್ಲಿ ನೋಡಿದ ಕತ್ತಿಯೇ. ನಾನು ನೋಡೋದು, ಎದುರಿನವನು ಹೊಡೆಯೋಕೆ ಬಂದಾಗ ಇವರ ಬೆರಳು ಎಲ್ಲಿಗೆ ಹೋಗುತ್ತೆ ಅಂತ. ಕೆಲವರು ಗುರಾಣಿ ಎತ್ತುತ್ತಾರೆ. ಕೆಲವರು ಹಿಂದಕ್ಕೆ ಓಡುತ್ತಾರೆ. ಇನ್ನು ಕೆಲವರು ಗಾಬರಿಯಲ್ಲಿ ಹೊಡೆಯೋ ಬಟನ್ನನ್ನೇ ಒತ್ತುತ್ತಾ ಹೋಗುತ್ತಾರೆ. ಈ ಮೂರು ಜನಕ್ಕೂ ಒಂದೇ ಬಿಲ್ಡ್ ಕೊಟ್ಟರೆ ಇಬ್ಬರಾದರೂ ಆಟ ಬಿಟ್ಟುಬಿಡುತ್ತಾರೆ.

ಕ್ಲಾಸ್ ವಿಷಯಕ್ಕೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಒಟ್ಟು ಹತ್ತು ಕ್ಲಾಸ್ ಇವೆ. ವ್ಯತ್ಯಾಸ ಇರೋದು ಶುರುವಿನ ಅಂಕಿಗಳಲ್ಲಿ ಮತ್ತು ಶುರುವಿನ ಸಾಮಾನಿನಲ್ಲಿ ಮಾತ್ರ. ಮುಂದೆ ಯಾರು ಏನು ಬೇಕಾದರೂ ಆಗಬಹುದು. ನಾನು ಹೆಚ್ಚಾಗಿ ಬರೆಯೋದು ವ್ಯಾಗಬಾಂಡ್. ಕಾರಣ ಒಂದೇ, ಹತ್ತರಲ್ಲಿ ಅತಿ ಹೆಚ್ಚು ವಿಗರ್ (ಜೀವ ಹೆಚ್ಚಿಸುವ ಸ್ಟ್ಯಾಟ್) ಇರೋದು ಅವನಿಗೆ, 15. ಸಮುರಾಯ್ ಕೂಡ ಚೆನ್ನಾಗಿದೆ, ಕೈಯಲ್ಲಿ ಬಿಲ್ಲು ಇರೋದರಿಂದ ಗುಂಪಿನಿಂದ ಒಬ್ಬೊಬ್ಬರನ್ನೇ ಎಳೆದು ಹೊಡೆಯಬಹುದು. ರೆಚ್ ಮಾತ್ರ ಬೇಡ. ಮೈಮೇಲೆ ಬಟ್ಟೆಯಿಲ್ಲದೆ ಒಂದು ದೊಣ್ಣೆ ಹಿಡಿದು ಹೋಗೋದು ಎರಡನೇ ಸಲ ಆಡುವವರ ಶೋಕಿ.

ಈಗ ವಿಗರ್. ಚೀಟಿಯಲ್ಲಿ ನಾನು ಅಡಿಗೆರೆ ಎಳೆಯೋದು ಇದಕ್ಕೊಂದಕ್ಕೇ. ಹೊಸಬರಿಗೆಲ್ಲ ಡ್ಯಾಮೇಜ್ ಜಾಸ್ತಿ ಮಾಡುವ ಆಸೆ. ಅದಕ್ಕೆ ಅಂಕಿ ತೋರಿಸಿಯೇ ಒಪ್ಪಿಸಬೇಕಾಗುತ್ತೆ. ವಿಗರ್ 15 ಇದ್ದರೆ ಜೀವ 522. 25ಕ್ಕೆ ಹೋದರೆ 800. 40ಕ್ಕೆ 1450. 60ಕ್ಕೆ 1900. ಅಲ್ಲಿಂದ 99ರವರೆಗೆ ಹೋದರೂ 2100 ಅಷ್ಟೇ. ಸ್ವಲ್ಪ ಲೆಕ್ಕ ಹಾಕಿ ನೋಡಿ. 25ರಿಂದ 40ರವರೆಗೆ ಒಂದೊಂದು ಪಾಯಿಂಟಿಗೂ ಸರಾಸರಿ 43 ಸಿಗುತ್ತೆ. 40 ದಾಟಿದ ಮೇಲೆ ಅದು 22ರ ಹತ್ತಿರ ಇಳಿಯುತ್ತೆ. 60 ದಾಟಿದರೆ ಬರೀ ಐದು. ಅಂದರೆ ಇಡೀ ಆಟದಲ್ಲಿ ಲೆವೆಲ್‌ಗೆ ಅತಿ ಹೆಚ್ಚು ಬೆಲೆ ಸಿಗೋ ಜಾಗ ಆ 25ರಿಂದ 40. ಅಲ್ಲಿಗೆ ಬೇಗ ಹೋದಷ್ಟೂ ಒಳ್ಳೇದು.

ಜೀವ ಜಾಸ್ತಿ ಇದ್ದರೆ ಆಟ ಸುಲಭ ಆಗುತ್ತೆ ಅನ್ನೋದು ಅರ್ಧ ಮಾತು. ಒಂದೇ ಏಟಿಗೆ ಸತ್ತರೆ ಬಾಸ್ ಏನು ಮಾಡಿದ ಅಂತಲೇ ಗೊತ್ತಾಗಲ್ಲ. ಎರಡು ಏಟು ತಿಂದು ಉಳಿದರೆ ಮೂರನೆಯದು ಬರುವಾಗ ಅವನ ಕೈ ಎಷ್ಟು ಹೊತ್ತು ಮೇಲೆ ನಿಲ್ಲುತ್ತೆ ಅಂತ ಕಣ್ಣಿಗೆ ಬೀಳುತ್ತೆ. ಸ್ಟಾರ್ಮ್‌ವೇಲ್ ಕೋಟೆ ಬಾಗಿಲ ಮುಂದಿನ ಮಾರ್ಗಿಟ್ ಇದಕ್ಕೇ ಹೆಸರುವಾಸಿ. ಕೋಲು ಎತ್ತಿ ಹಿಡಿದು ಕಾಯುತ್ತಾನೆ. ನೀವು ಗಾಬರಿಯಾಗಿ ಉರುಳಿದ ಮೇಲೆ ಹೊಡೆಯುತ್ತಾನೆ. ಆ ತಡ ಅರ್ಥ ಆಗಬೇಕಾದರೆ ಅವನ ಮುಂದೆ ಸ್ವಲ್ಪ ಹೊತ್ತು ನಿಲ್ಲೋಕೆ ಆಗಬೇಕು.

ಆಫೀಸಿನ ಗೆಳೆಯನೊಬ್ಬನಿಗೆ ಬರೆದ ಚೀಟಿಯನ್ನೇ ಹೇಳುತ್ತೇನೆ. ಅವನು ಗುರಾಣಿ ಎತ್ತುವ ಜಾತಿ. ರಾತ್ರಿ ಮಗು ಮಲಗಿದ ಮೇಲೆ ಸಿಗೋ ಸ್ವಲ್ಪ ಹೊತ್ತು ಆಡುತ್ತಾನೆ. ವ್ಯಾಗಬಾಂಡ್ ಶುರುವಾಗೋದು ಲೆವೆಲ್ 9ರಲ್ಲಿ. 40ಕ್ಕೆ ಹೋಗೋಷ್ಟರಲ್ಲಿ ಲೆವೆಲ್‌ಗೆ ಒಂದರಂತೆ ಕೈಗೆ 31 ಪಾಯಿಂಟ್. ಹಂಚಿದ್ದು ಹೀಗೆ: ವಿಗರ್ 15ರಿಂದ 30ಕ್ಕೆ, ಸ್ಟ್ರೆಂಗ್ತ್ 14ರಿಂದ 22ಕ್ಕೆ, ಎಂಡ್ಯೂರೆನ್ಸ್ 11ರಿಂದ 18ಕ್ಕೆ. ಒಂದು ಪಾಯಿಂಟ್ ಉಳಿಯುತ್ತೆ. ಅದರ ಮುಂದೆ "ನಿನ್ನಿಷ್ಟ" ಅಂತ ಬರೆದೆ. ಎಲ್ಲಾ ನಾವೇ ಹೇಳಿಬಿಟ್ಟರೆ ಅವರಿಗೆ ಆಟ ಎಲ್ಲಿ ಉಳೀತು, ಅಲ್ವಾ?

ಆಯುಧ, ಲಾರ್ಡ್‌ಸ್ವೋರ್ನ್ ಗ್ರೇಟ್‌ಸ್ವೋರ್ಡ್. ಹೆಸರು ಕೇಳಿ ಹೆದರಬೇಕಿಲ್ಲ. ಗೇಟ್‌ಫ್ರಂಟ್ ಹಾಳುಕೋಟೆಯ ಹತ್ತಿರ ನಿಂತಿರುವ ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ ಸಿಗುತ್ತೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಆ ದಾರಿ ಬರುತ್ತೆ. ಅದಕ್ಕೆ ಸ್ಟ್ರೆಂಗ್ತ್ 16 ಬೇಕು, ಅವನಿಗಿರೋದು 14. ಆದರೆ ಎರಡು ಕೈಯಲ್ಲಿ ಹಿಡಿದರೆ ಆಟ ಸ್ಟ್ರೆಂಗ್ತನ್ನು ಒಂದೂವರೆ ಪಟ್ಟು ಅಂತ ಲೆಕ್ಕ ಹಿಡಿಯುತ್ತೆ. 14 ಹೋಗಿ 21 ಆಯಿತು. ಪೆಟ್ಟಿಗೆಯಿಂದ ತೆಗೆದ ಕೂಡಲೇ ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಟ್ರಯಾಂಗಲ್ ಒತ್ತಿ ಹಿಡಿದು ಆರ್1 ಒತ್ತಿದರೆ ಕತ್ತಿ ಕೆಲಸಕ್ಕೆ ಬರುತ್ತೆ. ಇನ್ನೆರಡು ಲೆವೆಲ್ ಸ್ಟ್ರೆಂಗ್ತಿಗೆ ಹಾಕಿದರೆ ಒಂದು ಕೈಗೂ ಸಾಕು, ಇನ್ನೊಂದು ಕೈಗೆ ಗುರಾಣಿ.

ವ್ಯಾಗಬಾಂಡ್‌ಗೆ ಮೊದಲಿಂದಲೇ ಸಿಗುವ ಹೀಟರ್ ಶೀಲ್ಡ್ ಬಗ್ಗೆ ಯಾರೂ ಮಾತಾಡಲ್ಲ. ಮಾಮೂಲಿ ಆಯುಧದ ಏಟನ್ನು ಅದು ನೂರಕ್ಕೆ ನೂರು ತಡೆಯುತ್ತೆ. ಬರೀ ಸ್ಟ್ಯಾಮಿನಾ ಹೋಗುತ್ತೆ, ಜೀವ ಹೋಗಲ್ಲ. ತಡೆದ ತಕ್ಷಣ ಜೋರಿನ ಏಟಿನ ಬಟನ್ ಒತ್ತಿದರೆ ಗಾರ್ಡ್ ಕೌಂಟರ್. ಗುರಾಣಿ ಎತ್ತುವ ಅಭ್ಯಾಸ ಇರುವವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಎತ್ತು, ಏಟು ತಾಗಲಿ, ತಿರುಗಿ ಬಾರಿಸು. ಎಂಡ್ಯೂರೆನ್ಸ್ ಹಾಕಿಸಿದ್ದು ಇದಕ್ಕೇ. ಸ್ಟ್ಯಾಮಿನಾ ಜೊತೆಗೆ ಹೊರುವ ಶಕ್ತಿಯೂ ಹೆಚ್ಚುತ್ತೆ. ಹೊರೆ 70 ಶೇಕಡಾ ಮುಟ್ಟಿದರೆ ಉರುಳೋದು ದೊಪ್ಪನೆ ಬಿದ್ದಂತಾಗುತ್ತೆ. ಚಂದ ಕಾಣುತ್ತೆ ಅಂತ ಸಿಕ್ಕ ಕವಚವನ್ನೆಲ್ಲ ಹಾಕಿಕೊಂಡು ಒದ್ದಾಡೋರನ್ನು ತುಂಬಾ ನೋಡಿದ್ದೇನೆ.

ಸ್ಟ್ರೆಂಗ್ತ್ 22ಕ್ಕೇ ನಿಲ್ಲಿಸಿದ್ದು ಯಾಕೆ ಅಂತ ಅವನು ಕೇಳಿದ. ಶುರುವಿನಲ್ಲಿ ಡ್ಯಾಮೇಜ್ ಬರೋದು ಲೆವೆಲ್‌ನಿಂದ ಅಲ್ಲ, ಆಯುಧವನ್ನು ಪ್ಲಸ್ 1, ಪ್ಲಸ್ 2 ಅಂತ ಬಲಪಡಿಸುವ ಸ್ಮಿತಿಂಗ್ ಸ್ಟೋನ್ ಅನ್ನೋ ಕಲ್ಲಿನಿಂದ. ಕ್ಲೇಮೋರ್ ಅನ್ನೋ ಇದೇ ಜಾತಿಯ ಕತ್ತಿಯನ್ನು ತಗೊಳ್ಳಿ. ಅದರ ಮೂಲ ಏಟು 138. ಪ್ಲಸ್ 25ಕ್ಕೆ ಅದು 338. ಸ್ಟ್ರೆಂಗ್ತ್ ಒಂದು ಪಾಯಿಂಟ್ ಏರಿಸಿದರೆ ಇಷ್ಟು ಹೊತ್ತಿಗೆ ಒಂದೆರಡು ಅಂಕಿ ಏರಿದರೆ ಹೆಚ್ಚು. ಕತ್ತಿ ಒಂದು ಮೆಟ್ಟಿಲು ಹತ್ತಿದರೆ ಎಂಟು. ಪ್ಲಸ್ 3 ಮಾಡೋಕೆ ಎರಡು, ನಾಲ್ಕು, ಆರು, ಹೀಗೆ ಒಟ್ಟು ಹನ್ನೆರಡು ಕಲ್ಲು ಬೇಕು. ಅಗೀಲ್ ಕೆರೆಯ ಉತ್ತರ ದಡದಲ್ಲಿರುವ ಲಿಮ್‌ಗ್ರೇವ್ ಸುರಂಗದಲ್ಲಿ ಗೋಡೆಯಿಂದ ಕಿತ್ತುಕೊಳ್ಳಬಹುದು. ಪ್ಲಸ್ 3ರವರೆಗೆ ಚರ್ಚ್ ಆಫ್ ಎಲ್ಲೆಯಲ್ಲಿರುವ ಕಮ್ಮಾರನ ಅಡಿಗಲ್ಲು ಸಾಕು, ಆಮೇಲೆ ರೌಂಡ್‌ಟೇಬಲ್ ಹೋಲ್ಡ್‌ನ ಕಮ್ಮಾರ ಹ್ಯೂಗ್ ಹತ್ತಿರ ಹೋಗಬೇಕು. ಕಲ್ಲು ಹಂಚಬೇಡ, ಎಲ್ಲಾ ಒಂದೇ ಕತ್ತಿಗೆ ಹಾಕು ಅಂತ ಚೀಟಿಯಲ್ಲಿ ಬರೆದಿದ್ದೆ. ಬಿಲ್ಡ್‌ನಲ್ಲಿ ಒಂದೇ ಆಯುಧ ಇರಬೇಕು ಅನ್ನೋದಕ್ಕೆ ನಿಜವಾದ ಕಾರಣ ಇದು.

ಚಿಕ್ಕಪ್ಪನ ಮಗಳದ್ದು ಬೇರೆ ಕಥೆ. ಅವಳು ಓಡುವ ಜಾತಿ. "ಅಣ್ಣಾ, ನಂಗೆ ಮೂನ್‌ವೇಲ್ ಬೇಕು," ಅಂದಳು. ನೀಲಿ ಬೆಳಕು ಹಾರಿಸುವ ಆ ಕಟಾನ ನೋಡಿದರೆ ಯಾರಿಗಾದರೂ ಆಸೆ ಆಗುತ್ತೆ ಬಿಡಿ. ನಾನು ಬೇಡ ಅನ್ನಲಿಲ್ಲ, ಲೆಕ್ಕ ತೋರಿಸಿದೆ. ಅದಕ್ಕೆ ಇಂಟೆಲಿಜೆನ್ಸ್ 23, ಡೆಕ್ಸ್‌ಟೆರಿಟಿ 18, ಸ್ಟ್ರೆಂಗ್ತ್ 12 ಬೇಕು. ಮಂತ್ರ ಹಾಕುವ ಆಸ್ಟ್ರಾಲಜರ್ ಕ್ಲಾಸ್‌ಗೆ ಶುರುವಿನಲ್ಲಿ ಇರೋದು 16, 12, 8. ಏಳು, ಆರು, ನಾಲ್ಕು, ಒಟ್ಟು ಹದಿನೇಳು ಲೆವೆಲ್ ಬರೀ ಕತ್ತಿ ಹಿಡಿಯೋಕೇ ಹೋಯಿತು. ವಿಗರ್ ಅದೇ 9, ಜೀವ 396. ಆ ಜೀವ ಇಟ್ಟುಕೊಂಡು ಗೇಲ್ ಸುರಂಗದಲ್ಲಿ ಮ್ಯಾಗ್ಮಾ ವಿರ್ಮ್ ಜೊತೆ ಹೋರಾಡಿದ ಮೇಲೆ ತಾನೇ ಕತ್ತಿ ಸಿಗೋದು.

ಅವಳ ಚೀಟಿಗೆ ಬಂದಿದ್ದು ಮೀಟಿಯರೈಟ್ ಸ್ಟಾಫ್. ಇಂಟೆಲಿಜೆನ್ಸ್ 18 ಸಾಕು, ಎರಡೇ ಲೆವೆಲ್. ಈ ಕೋಲನ್ನು ಅಪ್‌ಗ್ರೇಡ್ ಮಾಡೋಕೆ ಬರಲ್ಲ, ಆದರೆ ಇಂಟೆಲಿಜೆನ್ಸಿಗೆ ಮೊದಲ ದಿನದಿಂದಲೇ ಎಸ್ ದರ್ಜೆ, ಆ ಸ್ಟ್ಯಾಟ್ ಏರಿದಷ್ಟೂ ಬಲ ಏರುವ ಅತಿ ಮೇಲಿನ ದರ್ಜೆ. ಅಂದರೆ ಕಲ್ಲು ಹುಡುಕೋ ತಲೆನೋವೇ ಇಲ್ಲ. ಕೇಲಿಡ್‌ನ ಕೆಂಪು ಜೌಗಿನಲ್ಲಿ, ಸ್ಟ್ರೀಟ್ ಆಫ್ ಸೇಜಸ್ ಅನ್ನೋ ಹಾಳೂರಲ್ಲಿದೆ. ಅಲ್ಲೇ ನೆಲಮಾಳಿಗೆಯಲ್ಲಿ ರಾಕ್ ಸ್ಲಿಂಗ್ ಮಂತ್ರ. ಎರಡೂ ಒಂದೇ ಕಡೆ ಸಿಗೋದು ಮಜಾ, ಯಾಕಂದ್ರೆ ಈ ಕೋಲು ಗುರುತ್ವದ ಮಂತ್ರಗಳಿಗೆ ಇನ್ನಷ್ಟು ಬಲ ಕೊಡುತ್ತೆ, ರಾಕ್ ಸ್ಲಿಂಗ್ ಆ ಜಾತಿಯದ್ದೇ. ಟಾರೆಂಟ್ ಕುದುರೆ ಸಿಕ್ಕ ಮೇಲೆ ಯಾರ ಜೊತೆಗೂ ಜಗಳಕ್ಕೆ ನಿಲ್ಲದೆ ಓಡಿಸಿಕೊಂಡು ಹೋಗಬೇಕು, ಎತ್ತಿಕೊಂಡು ವಾಪಸ್ ಬರಬೇಕು. ದಾರಿಯಲ್ಲಿ ಸತ್ತರೂ ಪರವಾಗಿಲ್ಲ, ರೂನ್ (ಲೆವೆಲ್ ಏರಿಸೋಕೆ ಬೇಕಾದ ನಾಣ್ಯ) ಖಾಲಿ ಮಾಡಿಕೊಂಡು ಹೋದರೆ ಕಳೆದುಕೊಳ್ಳೋಕೆ ಏನೂ ಇರಲ್ಲ. ಓಡೋದರಲ್ಲಿ ಅವಳು ಹೇಗೂ ಗಟ್ಟಿ. ಆಮೇಲೆ ಇಂಟೆಲಿಜೆನ್ಸಿಗೆ ಒಂದು, ವಿಗರಿಗೆ ಒಂದು, ಹೀಗೆ ಸರದಿ. ಶುರುವಿನ ನಾಲ್ಕು ಫ್ಲಾಸ್ಕಿನಲ್ಲಿ (ಕೆಂಪು ಕುಡಿದರೆ ಜೀವ ತುಂಬುತ್ತೆ, ನೀಲಿ ಕುಡಿದರೆ ಮಂತ್ರಕ್ಕೆ ಬೇಕಾದ ಎಫ್‌ಪಿ) ಎರಡನ್ನು ನೀಲಿ ಮಾಡಿಸಿದೆ.

ಇಬ್ಬರ ಚೀಟಿಯಲ್ಲೂ ಇದ್ದ ಇನ್ನೊಂದು ಸಾಲು, ಸಹಾಯಕ್ಕೆ ಆತ್ಮಗಳನ್ನು ಕರೆಯುವ ಗಂಟೆ. ಕುದುರೆ ಸಿಕ್ಕ ಮೇಲೆ ರಾತ್ರಿ ಹೊತ್ತು ಚರ್ಚ್ ಆಫ್ ಎಲ್ಲೆಗೆ ಹೋದರೆ ರೆನ್ನಾ ಅನ್ನುವ ಮಾಟಗಾತಿ ಗಂಟೆ ಕೊಡುತ್ತಾಳೆ, ಜೊತೆಗೆ ಮೂರು ತೋಳಗಳ ಬೂದಿ. ತೋಳ ಕರೆಯೋಕೆ 55 ಎಫ್‌ಪಿ, ವ್ಯಾಗಬಾಂಡ್‌ಗೂ ಎಟಕುತ್ತೆ. ಬೂದಿ ಬಳಸಿ ಗೆಲ್ಲೋದು ಗೆಲುವೇ ಅಲ್ಲ ಅನ್ನೋ ಮಂದಿ ಇದ್ದಾರೆ. ಆಟ ಮಾಡಿದವರೇ ಇಟ್ಟಿರೋದನ್ನು ಬಳಸಬೇಡಿ ಅನ್ನೋಕೆ ಇವರು ಯಾರು? ಬಾಸ್ ತೋಳದ ಕಡೆ ತಿರುಗಿದಾಗ ಸಿಗೋ ನಾಲ್ಕು ಸೆಕೆಂಡಿನಲ್ಲಿ ಹೊಸಬರು ಒಂದು ಫ್ಲಾಸ್ಕ್ ಕುಡಿಯಬಹುದು.

ಚೀಟಿಯಲ್ಲಿ ಬೇಕಂತಲೇ ಬಿಡುವುದೂ ಇದೆ. ಎಸ್‌ನಂಥ ಸ್ಕೇಲಿಂಗ್ ಅಕ್ಷರಗಳ ಕೋಷ್ಟಕ, ಹೆವಿ, ಕೀನ್, ಕ್ವಾಲಿಟಿ ಅನ್ನುವ ಆಯುಧದ ಬಗೆಗಳು. ಅವುಗಳಿಗೆ ಬೇಕಾದ ಐರನ್ ವೆಟ್‌ಬ್ಲೇಡ್ ಸಿಗೋದೇ ಸ್ಟಾರ್ಮ್‌ವೇಲ್ ಒಳಗೆ. ಅಲ್ಲಿಗೆ ಮುಟ್ಟಿದ ಮೇಲೆ ಅವರೇ ಫೋನ್ ಮಾಡಿ ಕೇಳುತ್ತಾರೆ.

ಪಾಯಿಂಟ್ ತಪ್ಪು ಜಾಗಕ್ಕೆ ಹೋದರೆ ಏನು ಗತಿ ಅನ್ನೋ ಭಯ ಎಲ್ಲರಿಗೂ ಇರುತ್ತೆ. ರಾಯಾ ಲುಕಾರಿಯಾ ಅಕಾಡೆಮಿಯ ರೆನ್ನಾಲಾಳನ್ನು ಸೋಲಿಸಿದರೆ ಲಾರ್ವಲ್ ಟಿಯರ್ ಅನ್ನೋ ವಸ್ತು ಒಂದಕ್ಕೆ ಎಲ್ಲಾ ಪಾಯಿಂಟ್ ವಾಪಸ್ ಹಂಚಬಹುದು. ತಂಗಿಗೆ ಮೂನ್‌ವೇಲ್ ಕೊಟ್ಟಿದ್ದು ಆವಾಗಲೇ. ಅಷ್ಟು ಹೊತ್ತಿಗೆ ಅವಳ ವಿಗರ್ 30ರ ಹತ್ತಿರ ಇತ್ತು, ಡೆಕ್ಸ್‌ಟೆರಿಟಿಗೆ ಹಾಕೋಕೆ ಪಾಯಿಂಟ್ ಕೂಡ ಇದ್ದವು. ಹೊಸದಾಗಿ ಹಂಚುವಾಗ ಅವಳು ಮೊದಲು ತುಂಬಿಸಿದ್ದು ವಿಗರ್, ನಾನೇನೂ ಹೇಳಿರಲಿಲ್ಲ.

ಗೆಳೆಯ ಈಗ 2024ರ ಜೂನ್‌ನಲ್ಲಿ ಬಂದ ಶ್ಯಾಡೋ ಆಫ್ ದಿ ಅರ್ಡ್‌ಟ್ರೀ ಅನ್ನೋ ಆಟದ ಹೆಚ್ಚುವರಿ ಭಾಗಕ್ಕೆ ಚೀಟಿ ಕೇಳುತ್ತಿದ್ದಾನೆ. ಅಲ್ಲಿಗೆ ಹೋಗೋಕೆ ರಡಾನ್ ಮತ್ತು ಮೋಗ್ ಅನ್ನೋ ಬಾಸ್‌ಗಳಿಬ್ಬರನ್ನೂ ಮುಗಿಸಿರಬೇಕು, ಅವನಿಗಿನ್ನೂ ಮೋಗ್ ಬಾಕಿ. ಆ ನಾಡಿನಲ್ಲಿ ಲೆವೆಲ್‌ಗಿಂತ ಸ್ಕಾಡುಟ್ರೀ ಫ್ರ್ಯಾಗ್ಮೆಂಟ್‌ಗಳಿಗೆ ಬೆಲೆ ಜಾಸ್ತಿ, ಅವು ಕೊಡುವ, ಏಟಿನ ಬಲ ಮತ್ತು ತಡೆಯುವ ಶಕ್ತಿ ಹೆಚ್ಚಿಸುವ ಆಶೀರ್ವಾದ 20ರವರೆಗೆ ಏರುತ್ತೆ. ಹಾಗಾಗಿ ಈ ಸಲದ ಚೀಟಿಯಲ್ಲಿ ಸ್ಟ್ಯಾಟ್‌ಗಳೇ ಇಲ್ಲ, ಬರೀ ಆ ತುಣುಕುಗಳು ಸಿಗುವ ಜಾಗಗಳನ್ನು ಹತ್ತಿರದಿಂದ ದೂರಕ್ಕೆ ಜೋಡಿಸಿ ಬರೆಯುತ್ತಿದ್ದೇನೆ.