ಹೆಸರುಗಿಡದ ಬೇರು ಮೊಟಕಾಗಿದ್ದು ಕಣದಿಂದಲೋ, ಸತುವಿನಿಂದಲೋ?

ಹುಬ್ಬಳ್ಳಿ-ಧಾರವಾಡದ ಚರಂಡಿ ನೀರು ನಾಲಾ ಹಿಡಿದು ಊರಾಚೆಯ ಹೊಲಗಳ ಪಕ್ಕ ಹರಿಯುತ್ತದೆ. ಬೇಸಿಗೆಯಲ್ಲಿ ಬೇರೆ ನೀರು ಸಿಗದ ರೈತರು ಅದಕ್ಕೇ ಪಂಪ್ ಇಟ್ಟು ಸೊಪ್ಪು, ತರಕಾರಿ ಬೆಳೆಯುತ್ತಾರೆ. ನಮ್ಮ ಮನೆಗೆ ಬರುವ ಪಾಲಕ್ಕೂ ಅಲ್ಲಿನದೇ. ಸನ್‌ಸ್ಕ್ರೀನ್, ಬಣ್ಣ, ಲೇಪನಗಳಲ್ಲಿ ಬಳಸುವ ಲೋಹದ ಆಕ್ಸೈಡಿನ ನ್ಯಾನೊಕಣಗಳು (100 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕ ಕಣಗಳು) ತೊಳೆದು ಹೋಗಿ ಸೇರುವುದೂ ಚರಂಡಿಗೇ. ಅವು ಗಿಡಕ್ಕೆ ಏನು ಮಾಡುತ್ತವೆ ಅನ್ನುವುದನ್ನೇ ಸಸ್ಯಶಾಸ್ತ್ರದ ಎಂ.ಎಸ್ಸಿ. ಪ್ರಾಜೆಕ್ಟಿಗೆ ಹಿಡಿದೆ. ಕಣ ಜಿಂಕ್ ಆಕ್ಸೈಡಿನದು (ಜಿಂಕ್ ಅಂದರೆ ಸತು), ಬೀಜ ನಮ್ಮ ಭಾಗದ ಮುಂಗಾರಿನ ಹೆಸರುಕಾಳು.

ಶುರುವಿನಲ್ಲಿ ಎಲ್ಲ ಸುಲಭವಾಗಿ ಕಂಡಿತು. ಪೆಟ್ರಿ ತಟ್ಟೆ, ಫಿಲ್ಟರ್ ಪೇಪರ್, ಹತ್ತು ಬೀಜ, ಐದು ಮಿಲಿಲೀಟರ್ ದ್ರಾವಣ, ಐದು ದಿನ ಕತ್ತಲು. ಲೀಟರಿಗೆ 10 ಮಿಲಿಗ್ರಾಂನಿಂದ 1000 ಮಿಲಿಗ್ರಾಂವರೆಗೆ ಐದು ಪ್ರಮಾಣ. ಆದರೆ ಮುಚ್ಚಳ ತೆಗೆದು ನೋಡಿದರೆ ಒಂದೇ ತಟ್ಟೆಯಲ್ಲಿ ಒಂದು ಬೇರು ಬೆರಳುದ್ದ, ಪಕ್ಕದ್ದು ಉಗುರಿನಷ್ಟು. ಮೂರು ಸಲ ಮಾಡಿದರೂ ಅದೇ ಗೋಜಲು. ಬೀಜ ಹಳೆಯದಿರಬೇಕು ಅಂದುಕೊಂಡು ಹೊಸ ಬೀಜ ತಂದೆ. ಬದಲಾಗಲಿಲ್ಲ.

ತಪ್ಪು ಇದ್ದದ್ದು ಬಾಟಲಿಯಲ್ಲಿ. ನ್ಯಾನೊಕಣ ಸಕ್ಕರೆಯಂತೆ ಕರಗುವ ವಸ್ತುವಲ್ಲ. ಒಂದಕ್ಕೊಂದು ಅಂಟಿ ಗಂಟಾಗಿ ತಳಕ್ಕೆ ಇಳಿಯುತ್ತದೆ. ನಾನು ಕಲಸಿದ್ದು ನಲ್ಲಿ ನೀರಿನಲ್ಲಿ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಗಂಟು ಕಟ್ಟುವುದನ್ನು ಇನ್ನೂ ಬೇಗ ಮಾಡಿಸುತ್ತವೆ. ಅಯಾನು ತೆಗೆದ ನೀರಿಗೆ ಬದಲಿಸಿದೆ, ಸುತ್ತ ಐಸ್ ಇಟ್ಟು, ಶ್ರವಣಾತೀತ ಶಬ್ದದಿಂದ ಗಂಟು ಒಡೆಯುವ ಸೋನಿಕೇಟರ್ ಅರ್ಧ ಗಂಟೆ ಹಾಕಿದೆ, ಪ್ರತಿ ತಟ್ಟೆಗೆ ಪಿಪೆಟ್ ಇಳಿಸುವ ಮುಂಚೆ ಬಾಟಲಿ ಅಲ್ಲಾಡಿಸಿದೆ. ಆಮೇಲೆ ತಟ್ಟೆಗಳು ಒಂದು ಮಾತಿಗೆ ಬಂದವು. 10ರಲ್ಲಿ ಮೊಳಕೆ ಬರೀ ನೀರಿನದಕ್ಕೆ ಸರಿಸಮ. ಮೇಲೇರಿದಂತೆ ಬೇರು ಗಿಡ್ಡವಾಯಿತು, ತುದಿ ಕಂದಿತು, 1000ದಲ್ಲಿ ಪಕ್ಕದ ಬೇರುಗಳು ಒಡೆಯಲೇ ಇಲ್ಲ. ಮೊಳಕೆ ಒಡೆಯುವುದಕ್ಕೆ ಮಾತ್ರ ಅಂಥ ತೊಂದರೆ ಕಾಣಲಿಲ್ಲ. ಬೀಜದ ಸಿಪ್ಪೆ ಒಳಗಿನ ಜೀವವನ್ನು ಕಾಯುತ್ತದೆ, ಬೇರಿಗೆ ಅಂಥ ಕವಚವಿಲ್ಲ. ಹಾಗಾಗಿ ಮೊಳಕೆ ಎಣಿಸಿ ‘ಪರಿಣಾಮ ಇಲ್ಲ’ ಎಂದು ಬರೆದರೆ ಮೋಸ ಹೋಗುತ್ತೇವೆ, ಅಳೆಯಬೇಕಾದ್ದು ಬೇರನ್ನು.

ಖುಷಿಯಿಂದ ಗ್ರಾಫ್ ತೋರಿಸಿದಾಗ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು: ‘ಇದು ಕಣದ ಕೆಲಸವೋ, ಕರಗಿದ ಸತುವಿನ ಕೆಲಸವೋ?’ ನನ್ನ ಬಳಿ ಉತ್ತರವಿರಲಿಲ್ಲ. ಜಿಂಕ್ ಆಕ್ಸೈಡ್ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಸತುವಿನ ಅಯಾನು ಬಿಡುತ್ತದೆ, ಅದು ಹೆಚ್ಚಾದರೆ ತಾನೇ ವಿಷ. ಆವರೆಗೆ ನಾನು ಹೋಲಿಸಿದ್ದು ಬರೀ ನೀರಿನ ಜೊತೆ. ಮೂರು ತಿಂಗಳ ಕೆಲಸ ಅರ್ಧಕ್ಕೇ ನಿಂತಂತಾಯಿತು.

ಮತ್ತೆ ಮೊದಲಿನಿಂದ ಹೂಡಿದೆ. ನ್ಯಾನೊ ಒಂದು ಸಾಲು, ದಪ್ಪ ಕಣದ ಮಾಮೂಲಿ ಜಿಂಕ್ ಆಕ್ಸೈಡ್ ಒಂದು ಸಾಲು, ನೀರಿನಲ್ಲಿ ಪೂರ್ತಿ ಕರಗುವ ಜಿಂಕ್ ಸಲ್ಫೇಟ್ ಒಂದು ಸಾಲು. ಇಲ್ಲಿ ತೂಕ ಸಮ ಮಾಡಿದರೆ ಸಾಲದು, ಸತು ಸಮವಿರಬೇಕು. 100 ಮಿಲಿಗ್ರಾಂ ಜಿಂಕ್ ಆಕ್ಸೈಡಿನಲ್ಲಿ ಸುಮಾರು 80 ಮಿಲಿಗ್ರಾಂ ಸತು. ಅಷ್ಟೇ ಸತು ಬೇಕೆಂದರೆ ಏಳು ನೀರಿನ ಅಣುವಿರುವ ಜಿಂಕ್ ಸಲ್ಫೇಟ್ ಸುಮಾರು 353 ಮಿಲಿಗ್ರಾಂ ಹಾಕಬೇಕು. ಕರಗಿದ ಸತುವನ್ನು ಬೇರ್ಪಡಿಸಲು 0.22 ಮೈಕ್ರಾನ್ ಸೋಸುಕ ಬಳಸಿದ್ದು ಇನ್ನೊಂದು ತಪ್ಪು. ಅದರ ರಂಧ್ರ 220 ನ್ಯಾನೊಮೀಟರ್, ನನ್ನ ಕಣ 100ಕ್ಕಿಂತ ಚಿಕ್ಕದು; ಗಂಟಾಗದ ಕಣಗಳೆಲ್ಲ ಸಲೀಸಾಗಿ ದಾಟಿ ಹೋಗುತ್ತವೆ. ಆಮೇಲೆ ಆಮ್ಲ ಹಾಕಿ ಅಳೆದರೆ ಕಣವೂ ಕರಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಗಿರಗಿರ ತಿರುಗಿಸಿ ಕಣಗಳನ್ನು ತಳಕ್ಕೆ ಕೂರಿಸುವ ಅತಿವೇಗದ ಸೆಂಟ್ರಿಫ್ಯೂಜ್ ಇರುವ ಲ್ಯಾಬ್ ಹುಡುಕಿಕೊಂಡು ಹೋಗಬೇಕಾಯಿತು.

ಹೆಚ್ಚಿನ ಪ್ರಮಾಣದಲ್ಲಿ ಸಲ್ಫೇಟಿನ ಬೇರೂ ಗಿಡ್ಡವೇ ಆಗಿತ್ತು. ಅಂದರೆ ಮೊದಲು ನಾನು ಕಣದ ಮೇಲೆ ಹೊರಿಸಿದ್ದರಲ್ಲಿ ದೊಡ್ಡ ಪಾಲು ಸತುವಿನದು. ಪೂರ್ತಿ ಅದರದಲ್ಲ. ನ್ಯಾನೊ ತಟ್ಟೆಯ ಬೇರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ತುದಿಗೆ ಬಿಳಿ ಹಿಟ್ಟು ಸವರಿದ ಹಾಗೆ ಪದರ, ಅದರ ಕೆಳಗೆ ಹೊರ ಕೋಶಗಳು ಸುಕ್ಕಾಗಿದ್ದವು. ಸಲ್ಫೇಟಿನ ಬೇರು ಗಿಡ್ಡವಾದರೂ ನುಣುಪಾಗಿತ್ತು. ಲಿನ್ ಮತ್ತು ಶಿಂಗ್ ಎಂಬ ಸಂಶೋಧಕರು 2008ರಲ್ಲಿ ರೈ ಹುಲ್ಲಿನ ಬೇರಿನಲ್ಲಿ ಕಂಡದ್ದೂ ಇಂಥದ್ದೇ: ಕಣಗಳು ಬೇರಿಗೆ ಮೆತ್ತಿಕೊಳ್ಳುತ್ತವೆ, ಕರಗಿದ ಸತುವೊಂದರಿಂದಲೇ ಆ ಹಾನಿಯನ್ನು ವಿವರಿಸಲಾಗದು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಕೊನೆಗೆ ಕುಂಡ. ಧಾರವಾಡದ ಎರಿ (ಕಪ್ಪು) ಮಣ್ಣು ಒಂದು, ಅಳ್ನಾವರ ಕಡೆಯ ಕೆಮ್ಮಣ್ಣು ಇನ್ನೊಂದು. ಎರಡಕ್ಕೂ ಒಂದೇ ಪ್ರಮಾಣ ಬೆರೆಸಿದೆ. ಕೆಮ್ಮಣ್ಣಿನ ಗಿಡದ ಎಳೆ ಎಲೆ ಹಳದಿಗಟ್ಟಿ ಕುಗ್ಗಿತು. ಎರಿಯಲ್ಲಿ ಹೆಸರು ಏನೂ ಆಗದ ಹಾಗೆ ಹೂವಿಗೆ ಬಂತು. ಎರಿಯಂಥ ಸುಣ್ಣದಂಶವಿರುವ ಕ್ಷಾರ ಮಣ್ಣು ಸತುವನ್ನು ಕಟ್ಟಿಹಾಕುತ್ತದೆ, ಆ ಕೆಮ್ಮಣ್ಣಿನಂಥ ಹುಳಿ ಮಣ್ಣು ಬಿಟ್ಟುಕೊಡುತ್ತದೆ. ತಟ್ಟೆಯಲ್ಲಿ ಕಂಡದ್ದನ್ನು ಹೊಲಕ್ಕೆ ಹಾಗೇ ಒಯ್ಯಬಾರದೆಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ನಾನು ಹಾಕಿದಷ್ಟು ಕಣ ಚರಂಡಿ ನೀರಿನಲ್ಲಿ ಇರುವುದೂ ಇಲ್ಲ. ಆದರೆ ಶುದ್ಧೀಕರಣ ಘಟಕದ ಕೆಸರಿನಲ್ಲಿ ಲೋಹ ಕೂಡುತ್ತಾ ಹೋಗುತ್ತದೆ, ಆ ಕೆಸರು ಗೊಬ್ಬರವಾಗಿ ಹೊಲ ಸೇರುತ್ತದೆ. ಹುಳಿ ಮಣ್ಣಿನ ಹೊಲಕ್ಕೆ ಅದನ್ನು ವರ್ಷಾ ವರ್ಷ ಹಾಕಿದರೆ ಏನಾಗುತ್ತದೆ ಎಂಬುದೇ ನನ್ನ ಮುಂದಿನ ಕೆಲಸ.

ಇದನ್ನು ಮಾಡಹೊರಟವರಿಗೆ ಇನ್ನೊಂದು ಮಾತು: ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ನಾನು ಮೊದಲ ತಿಂಗಳು ಸುರಿದಿದ್ದೆ. ಆ ಕೊಳವೆ ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದ ದಿನದಿಂದ ಎಲ್ಲವನ್ನೂ ಚೀಟಿ ಅಂಟಿಸಿದ ಕ್ಯಾನಿಗೆ ತುಂಬಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡುತ್ತಿದ್ದೇನೆ. ಕುಂಡದ ಮಣ್ಣೂ ಅದರ ಜೊತೆಗೇ ಹೋಗುತ್ತದೆ.