ನೋವಿಲ್ಲದಾಗಲೇ ಮಾತ್ರೆ ನುಂಗಿ: ಮಂಡಿ ಆಪರೇಷನ್ ಮತ್ತು ನರ್ವ್ ಬ್ಲಾಕ್

ಮಂಡಿ ಕೀಲು ಬದಲಿಸಿದ ದಿನ ಸಂಜೆ ಅಮ್ಮ ಆರಾಮಾಗಿ ಕಾಫಿ ಕುಡಿಯುತ್ತಿದ್ದರು. ‘ಇಷ್ಟಕ್ಕೇ ಅಷ್ಟು ಹೆದರಿದ್ನಾ?’ ಅಂದರು. ರಾತ್ರಿ ನರ್ಸ್ ಕೊಟ್ಟ ಮಾತ್ರೆಯನ್ನು ‘ನೋವೇ ಇಲ್ವಲ್ಲ’ ಅಂತ ದಿಂಬಿನ ಕೆಳಗೆ ಸರಿಸಿದರು. ಬೆಳಗಿನ ಜಾವ 4 ಗಂಟೆಗೆ ಮಂಚದ ಕಂಬಿ ಹಿಡಿದು ಅಳುತ್ತಿದ್ದರು.

ಸಂಜೆ ಅವರನ್ನು ನಗಿಸಿದ್ದು ನರ್ವ್ ಬ್ಲಾಕ್. ಆಪರೇಷನ್ನಿಗೆಂದು ಬೆನ್ನಿಗೆ ಕೊಡುವ ಚುಚ್ಚುಮದ್ದು ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ. ಬ್ಲಾಕ್ ಬೇರೆ. ಅನಸ್ತೇಶಿಯಾ ಡಾಕ್ಟರು ಅಲ್ಟ್ರಾಸೌಂಡ್ ಪರದೆಯಲ್ಲಿ ನರವನ್ನು ಹುಡುಕಿ, ಅದರ ಸುತ್ತ ರೋಪಿವಕೇನ್ ಅಥವಾ ಬುಪಿವಕೇನ್‌ನಂಥ ಮರಗಟ್ಟಿಸುವ ಮದ್ದು ಬಿಡುತ್ತಾರೆ. ಮೊದಲೆಲ್ಲ ತೊಡೆಸಂದಿಯಲ್ಲಿ ಕೊಡುವುದು ಜಾಸ್ತಿ ಇತ್ತು. ನೋವೇನೋ ಹೋಗುತ್ತಿತ್ತು, ಜೊತೆಗೆ ತೊಡೆಯ ಬಲವೂ ಹೋಗುತ್ತಿತ್ತು. ಈಗ ಹಲವು ಕಡೆ ತೊಡೆಯ ಒಳಮಗ್ಗುಲಿಗೆ, ಅಡಕ್ಟರ್ ಕೆನಾಲ್ ಎಂಬ ಜಾಗಕ್ಕೆ ಕೊಡುತ್ತಾರೆ. ತೊಡೆಯ ಬಲ ಬಹುಪಾಲು ಉಳಿಯುತ್ತದೆ. ಆದರೆ ಮಂಡಿಯ ಹಿಂಭಾಗಕ್ಕೆ ಇದು ಸಾಲದು. ಅಲ್ಲಿಗೆ ಬೇರೆ ಇಂಜೆಕ್ಷನ್ ಬೇಕಾಗಬಹುದು.

ಆಪರೇಷನ್ನಿಗೆ ಮೊದಲೇ ಡಾಕ್ಟರಿಗೆ ಎಲ್ಲ ಹೇಳಿ: ರಕ್ತ ತೆಳುವಾಗಿಸುವ ಮಾತ್ರೆ, ಶುಗರ್‌ನಿಂದ ಪಾದ ಜೋಮು ಹಿಡಿಯುವುದು, ಹಲ್ಲು ಕೀಳಿಸುವಾಗ ಇಂಜೆಕ್ಷನ್ ಒಗ್ಗದೇ ಹೋಗಿದ್ದು. ಒಂದೇ ಚುಚ್ಚೋ, ಮದ್ದು ಹನಿಯುತ್ತಲೇ ಇರುವ ಸಣ್ಣ ಕೊಳವೆಯೋ ಅಂತ ಕೇಳಿ. ಒಂದು ಚುಚ್ಚಿನ ಪರಿಣಾಮ ಸಾಮಾನ್ಯವಾಗಿ 12ರಿಂದ 24 ಗಂಟೆ. ಕೊಳವೆಯಾದರೆ ಎರಡು ಮೂರು ದಿನ ನಡೆಯುತ್ತದೆ.

ಮದ್ದು ಬಿಡುವಾಗ ತುಟಿ ಜುಮುಗುಟ್ಟಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ಕಿವಿ ಗುಂಯ್ ಅಂದರೆ ತಕ್ಷಣ ಹೇಳಿ. ಸಂಕೋಚ ಬೇಡ.

ವಾರ್ಡಿಗೆ ಬಂದ ಮೇಲೆ ಬ್ಲಾಕ್ ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. ಮಧ್ಯಾಹ್ನ 12ಕ್ಕೆ ಕೊಟ್ಟಿದ್ದರೆ ನಡುರಾತ್ರಿಯಿಂದಲೇ ಅದು ಇಳಿಯತೊಡಗಬಹುದು. ಇಳಿಯುವಾಗ ಹಲವರಿಗೆ ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ನುಗ್ಗುತ್ತದೆ. ಹಾಗಾಗಿ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನೋವು ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ನುಂಗಬೇಕು. ರಾತ್ರಿ ಎಬ್ಬಿಸಿಯಾದರೂ ಕೊಡಿ. ನೋವು ಏರಿ ಕೂತ ಮೇಲೆ ನುಂಗಿದರೆ ಮಾತ್ರೆ ಹಿಡಿಯಲು ಹೊತ್ತಾಗುತ್ತದೆ. ಅಷ್ಟರಲ್ಲಿ ನಿದ್ದೆ, ಮಾರನೇ ದಿನದ ಫಿಸಿಯೋ ಎರಡೂ ಕೆಡುತ್ತವೆ.

ಇನ್ನೊಂದು ಎಡವಟ್ಟು ಬಾತ್‌ರೂಮಿನ ದಾರಿಯಲ್ಲಿ. ನೋವಿಲ್ಲದ ಕಾಲು ಗಟ್ಟಿಯಾಗಿದೆ ಅನ್ನಿಸುತ್ತದೆ, ಹೆಜ್ಜೆ ಊರಿದರೆ ಮಂಡಿ ಕುಸಿಯಬಹುದು. ವಾಕರ್ ಇರಲಿ, ಪಕ್ಕದಲ್ಲಿ ಸಿಬ್ಬಂದಿಯೂ ಇರಲಿ. ‘ಒಂದೇ ನಿಮಿಷ, ನಾನೇ ಹೋಗಿ ಬರ್ತೀನಿ’ ಬೇಡವೇ ಬೇಡ. ಜೋಮು ಹಿಡಿದ ಚರ್ಮಕ್ಕೆ ಐಸ್ ಸುಟ್ಟರೂ ಗೊತ್ತಾಗುವುದಿಲ್ಲ. ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಮಾತ್ರ ಇಡಿ.

ಮಲಗಿದ್ದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಮಂಡಿ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತದೆ ನಿಜ, ಆದರೆ ಕಾಲು ನೆಟ್ಟಗಾಗುವುದು ತಡವಾಗುತ್ತದೆ. ಮೀನಖಂಡದ ಕೆಳಗೆ ಇಟ್ಟು, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ನೋಡಿಕೊಳ್ಳಿ.

ಡಾಕ್ಟರು ಹೇಳಿದ ಹೊತ್ತು ಮೀರಿದರೂ ಜೋಮು ಬಿಡದಿದ್ದರೆ, ಪಾದ ಎತ್ತಲಾಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಕೂಡಲೇ ತಿಳಿಸಿ. ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯಬೇಡಿ.