ಮರುಕಳಿಸಿದ ಗುದನಾಳದ ಕ್ಯಾನ್ಸರ್: ಸ್ಕ್ಯಾನ್ ನೋಡಿ ರೇಡಿಯೋಥೆರಪಿ ಪ್ಲಾನ್ ಮಾಡುವುದು ಹೇಗೆ

ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಅದೇ ಜಾಗದಲ್ಲಿ ಮರುಕಳಿಸಿದಾಗ ಒಳಗಿನ ನಕ್ಷೆಯೇ ಬದಲಾಗಿರುತ್ತದೆ. ಗುದನಾಳ ತೆಗೆದ ಜಾಗಕ್ಕೆ ಸಣ್ಣ ಕರುಳು ಇಳಿದಿರುತ್ತದೆ, ಬೆನ್ನುಮೂಳೆಯ ಕೆಳಭಾಗದ ಸೇಕ್ರಮ್ ಮೂಳೆಯ ಮುಂದೆ ಹಳೆಯ ಗಾಯ ಗಟ್ಟಿಯಾಗಿ ಕೂತಿರುತ್ತದೆ, ಹಲವರಿಗೆ ಒಮ್ಮೆ ವಿಕಿರಣವೂ ಆಗಿರುತ್ತದೆ. ಹಾಗಾಗಿ ಸ್ಕ್ಯಾನ್‌ಗಳಿಂದ ಎರಡು ಉತ್ತರ ಬೇಕು: ಇದರಲ್ಲಿ ಗೆಡ್ಡೆ ಯಾವುದು, ಗಾಯದ ಕಲೆ ಯಾವುದು? ಹಿಂದಿನ ಡೋಸ್ ಎಲ್ಲಿ ಬಿದ್ದಿದೆ?

ಎರಡನೆಯದಕ್ಕೆ ಮೊದಲೇ ಓಡಾಡಿ. ಹಳೆಯ ಪ್ಲಾನಿನ ಸಿಟಿ, ಕಂಟೂರ್ (ಗೆಡ್ಡೆ ಮತ್ತು ಅಂಗಗಳ ಸುತ್ತ ಎಳೆದ ಗೆರೆ) ಮತ್ತು ಡೋಸ್ ಫೈಲ್‌ಗಳನ್ನು ಡೈಕಾಮ್ (ವೈದ್ಯಕೀಯ ಚಿತ್ರಗಳ ಪ್ರಮಾಣಿತ ಫೈಲ್) ರೂಪದಲ್ಲೇ ತರಿಸಿ. ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆದ ಒಂದು ಸಾಲು ಸಾಲದು.

ಸಿಮ್ಯುಲೇಶನ್ ಸಿಟಿಯನ್ನು (ಪ್ಲಾನ್ ಮಾಡಲೆಂದೇ ತೆಗೆಯುವ ಸಿಟಿ) ಸೊಂಟದ ಮೇಲ್ಭಾಗದಿಂದ ನಡುತೊಡೆಯವರೆಗೆ 2–3 ಮಿ.ಮೀ ಸ್ಲೈಸ್‌ಗಳಲ್ಲಿ ತೆಗೆಯಿರಿ. ಕಿಡ್ನಿ ಒಪ್ಪಿದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ (ಚಿತ್ರವನ್ನು ಸ್ಪಷ್ಟವಾಗಿಸುವ ದ್ರವ) ಕೊಡಿ. ಸಣ್ಣ ಕರುಳು ಸ್ಪಷ್ಟವಾಗಿ ಕಾಣಲು ಬಾಯಿಯ ಮೂಲಕವೂ ಕೊಡಬಹುದು. ಮೂತ್ರಕೋಶ ಹಿತವಾಗಿ ತುಂಬಿರಲಿ. ರೋಗಿ ಪ್ರತಿದಿನ ತಡೆದುಕೊಳ್ಳಬಲ್ಲಷ್ಟು ಸಾಕು, ಒಂದೇ ದಿನ ಸಾಧ್ಯವಾಗುವಷ್ಟು ಬೇಡ. ಪೆರಿನಿಯಮ್‌ನಲ್ಲಿ (ಗುದದ್ವಾರ ಮತ್ತು ಜನನಾಂಗದ ನಡುವಿನ ಜಾಗ) ಹೊಲಿಗೆಯ ಗುರುತಿದ್ದರೆ ಅದರ ಮೇಲೆ ತಂತಿ ಇಟ್ಟು ಸ್ಕ್ಯಾನ್ ಮಾಡಿ.

ಗೆಡ್ಡೆಯ ಅಂಚು ತಿಳಿಯುವುದು ಎಂಆರ್‌ಐಯಿಂದ. ಫ್ಯಾಟ್ ಸಪ್ರೆಶನ್ (ಕೊಬ್ಬಿನ ಹೊಳಪನ್ನು ಅಡಗಿಸುವುದು) ಇಲ್ಲದ, 3 ಮಿ.ಮೀ ದಪ್ಪದ ಟಿ2 ಎಂಬ ಬಗೆಯ ಚಿತ್ರಗಳು ಮುಖ್ಯ. ಜೊತೆಗೆ ಬಿ-ಮೌಲ್ಯ (ಚಿತ್ರದ ಸೂಕ್ಷ್ಮತೆಯ ಮಟ್ಟ) 800–1000ರ ಡಿಫ್ಯೂಶನ್, ಅಂದರೆ ಅಂಗಾಂಶದೊಳಗೆ ನೀರಿನ ಅಣುಗಳ ಚಲನೆ ತೋರಿಸುವ ಚಿತ್ರ, ಮತ್ತು ಆ ಚಲನೆಯನ್ನು ಅಳೆದು ತೋರಿಸುವ ಎಡಿಸಿ ಮ್ಯಾಪ್ ಬೇಕು. ಮಾಗಿದ ಕಲೆ ಟಿ2ನಲ್ಲಿ ಕಡುಕಪ್ಪು, ಡಿಫ್ಯೂಶನ್‌ನಲ್ಲಿ ಮಂಕು. ಗೆಡ್ಡೆ ಟಿ2ನಲ್ಲಿ ಬೂದು, ಡಿಫ್ಯೂಶನ್‌ನಲ್ಲಿ ಹೊಳಪು, ಎಡಿಸಿಯಲ್ಲಿ ಕಪ್ಪು. ಕಪ್ಪು ಪಟ್ಟಿಯ ನಡುವೆ ದುಂಡಗಿನ ಬೂದು ಗಂಟೊಂದು ಕಂಡು, ಹಿಂದಿನ ಸ್ಕ್ಯಾನ್‌ಗಿಂತ ಅದು ಬೆಳೆದಿದ್ದರೆ ಬಿಡಬೇಡಿ. ಲೋಳೆ ತುಂಬಿದ ಮ್ಯೂಸಿನಸ್ ಗೆಡ್ಡೆ ಮಾತ್ರ ಈ ನಿಯಮಕ್ಕೆ ಸಿಗುವುದಿಲ್ಲ. ಅದು ಟಿ2ನಲ್ಲೂ ಎಡಿಸಿಯಲ್ಲೂ ಬೆಳ್ಳಗೆ ಕಾಣುತ್ತದೆ, ಪೆಟ್‌ನಲ್ಲೂ (ಚುಚ್ಚಿದ ವಿಕಿರಣಶೀಲ ಸಕ್ಕರೆಯನ್ನು ಹೀರುವ ಜಾಗ ಹೊಳೆಯುವ ಸ್ಕ್ಯಾನ್) ಮಂಕಾಗಿರಬಹುದು. ಹಳೆಯ ಪೆಥಾಲಜಿ ವರದಿ ಓದದೆ ಇಂಥದ್ದನ್ನು ದ್ರವವೆಂದು ತಳ್ಳಿಹಾಕುವ ಅಪಾಯವಿದೆ.

ಡಿಫ್ಯೂಶನ್ ಚಿತ್ರದ ಮೇಲೆ ನೇರವಾಗಿ ಕಂಟೂರ್ ಎಳೆಯಬೇಡಿ. ಪಕ್ಕದ ಕರುಳಿನ ಗಾಳಿಯೋ ಲೋಹದ ಕ್ಲಿಪ್ಪೋ ಹೊಳಪನ್ನು ಹಲವು ಮಿಲಿಮೀಟರ್ ಸರಿಸಿಬಿಡುತ್ತದೆ. ಅದು ಎಲ್ಲಿ ನೋಡಬೇಕೆಂದು ತೋರಿಸಲಿ, ಗೆರೆ ಟಿ2 ಮೇಲೆ ಬೀಳಲಿ.

ಪೆಟ್-ಸಿಟಿಗೆ ಕನಿಷ್ಠ 4–6 ಗಂಟೆ ಉಪವಾಸ ಬೇಕು, ಚುಚ್ಚುಮದ್ದಿನ ನಂತರ ಸುಮಾರು 60 ನಿಮಿಷ ಕಾಯಬೇಕು. ಮೆಟ್‌ಫಾರ್ಮಿನ್ ಕರುಳನ್ನು ಹೊಳೆಯಿಸುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ. ಇತ್ತೀಚಿನ ವಿಕಿರಣದ ಉರಿಯೂತ, ಸೇಕ್ರಮ್ ಮುಂದಿನ ಕೀವು, ಫಿಸ್ಟುಲಾ (ಅಂಗಗಳ ನಡುವೆ ಹುಟ್ಟಿದ ಅಸಹಜ ದಾರಿ) ಎಲ್ಲವೂ ಗೆಡ್ಡೆಯಂತೆಯೇ ಹೊಳೆಯುತ್ತವೆ. ಅನುಮಾನವಿದ್ದರೆ ಬಯಾಪ್ಸಿ. ದೂರಕ್ಕೆ ಹರಡಿದೆಯೇ ಎಂಬುದನ್ನೂ ಪೆಟ್ ಇಲ್ಲೇ ಹೇಳಿಬಿಡುತ್ತದೆ, ಕೆಲವೊಮ್ಮೆ ಇಡೀ ಯೋಜನೆ ಬದಲಾಗುವುದು ಅದರಿಂದಲೇ.

ಈ ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕೂಡಿಸುವ ಫ್ಯೂಶನ್‌ನಲ್ಲಿ ಇಡೀ ಸೊಂಟವನ್ನು ಹೊಂದಿಸಲು ಹೋಗಬೇಡಿ. ಸೇಕ್ರಮ್ ಸುತ್ತ ಬಾಕ್ಸ್ ಹಾಕಿ ರಿಜಿಡ್ ಆಗಿ (ಚಿತ್ರದ ಆಕಾರ ಬದಲಿಸದೆ) ಹೊಂದಿಸಿ, ಪ್ರಾಮೊಂಟರಿ (ಸೇಕ್ರಮ್‌ನ ಮೇಲಂಚು), ಎಸ್3 (ಅದರ ಮೂರನೇ ಭಾಗ) ಮತ್ತು ಕಾಕಿಕ್ಸ್ (ಬಾಲದ ಮೂಳೆ) ಬಳಿ ಕಣ್ಣಿಂದ ಪರೀಕ್ಷಿಸಿ. ಕಾಲು ತಿರುಗಿದರೆ ತೊಡೆಮೂಳೆಯ ತಲೆ ದಾರಿ ತಪ್ಪಿಸುತ್ತದೆ.

ಜಿಟಿವಿ (ಕಣ್ಣಿಗೆ ಕಾಣುವ ಗೆಡ್ಡೆ) ಎಳೆದ ಮೇಲೆ, ಮರುವಿಕಿರಣದಲ್ಲಿ ಸಿಟಿವಿಗೆ (ಕಾಣದೆ ಹರಡಿರಬಹುದಾದ ಜಾಗವೂ ಸೇರಿದ ವಲಯ) ಸಾಮಾನ್ಯವಾಗಿ 1–2 ಸೆಂ.ಮೀ ಸೇರಿಸಿ, ಗೆಡ್ಡೆ ತಲುಪದ ಮೂಳೆ ಮತ್ತು ಸ್ನಾಯುವಿನ ಬಳಿ ಕತ್ತರಿಸುತ್ತಾರೆ. ರೋಗವಿಲ್ಲದ ಲಿಂಫ್ ಗಂಟುಗಳ ವಲಯವನ್ನು ಮತ್ತೆ ಸೇರಿಸುವುದಿಲ್ಲ. ದಿನದಿನದ ಸ್ಥಾನ ವ್ಯತ್ಯಾಸಕ್ಕಾಗಿ ಅದರ ಸುತ್ತ ಬಿಡುವ ಪಿಟಿವಿಗೆ 0.5–1 ಸೆಂ.ಮೀ. ಸಣ್ಣ ಕರುಳು, ಮೂತ್ರನಾಳ, ಮೂತ್ರಕೋಶದ ಜೊತೆ ಸೇಕ್ರಲ್ ನರಬೇರುಗಳನ್ನೂ ಸಯಾಟಿಕ್ ನರವನ್ನೂ (ಸೊಂಟದಿಂದ ಕಾಲಿಗೆ ಹೋಗುವ ದೊಡ್ಡ ನರ) ಗೆರೆ ಎಳೆದು ಗುರುತಿಸಿ. ಇವು ಆಗಾಗ ಮರೆತುಹೋಗುತ್ತವೆ.

ಡೋಸ್‌ಗಳನ್ನು ಇಕ್ಯೂಡಿ2ಗೆ (ಪ್ರತಿ ಬಾರಿ 2 ಗ್ರೇ ಕೊಟ್ಟಿದ್ದರೆ ಅಷ್ಟೇ ಪರಿಣಾಮ ಬೀರುವ ಡೋಸ್) ಬದಲಿಸದೆ ಕೂಡಿಸಬೇಡಿ. ಹಿಂದೆ 28 ಬಾರಿ 1.8ರಂತೆ 50.4 ಗ್ರೇ ಆಗಿದ್ದರೆ, ಆಲ್ಫಾ/ಬೀಟಾ (ಪ್ರತಿ ಬಾರಿಯ ಡೋಸಿನ ಗಾತ್ರಕ್ಕೆ ಅಂಗಾಂಶ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 3ರಲ್ಲಿ ಅದು 48.4. ಈಗ ದಿನಕ್ಕೆರಡು ಬಾರಿ, ಕನಿಷ್ಠ 6 ಗಂಟೆ ಅಂತರದಲ್ಲಿ 1.2ರಂತೆ 40.8 ಗ್ರೇ ಕೊಟ್ಟರೆ 34.3. ಎರಡೂ ಡೋಸ್ ಪೂರ್ತಿ ಬಿದ್ದ ಅಂಗಾಂಶಕ್ಕೆ ಮೊತ್ತ ಸುಮಾರು 82.7. ಡಿಫಾರ್ಮಬಲ್ ರಿಜಿಸ್ಟ್ರೇಶನ್ (ಒಂದು ಸ್ಕ್ಯಾನ್ ಅನ್ನು ಹಿಗ್ಗಿಸಿ ಕುಗ್ಗಿಸಿ ಇನ್ನೊಂದಕ್ಕೆ ಹೊಂದಿಸುವುದು) ಈ ಲೆಕ್ಕವನ್ನು ಸುಂದರ ಬಣ್ಣಗಳಲ್ಲಿ ತೋರಿಸುತ್ತದೆ, ಆದರೆ ಕರುಳಿನ ವಿಷಯದಲ್ಲಿ ಅದನ್ನು ನಂಬಬೇಡಿ. ಅಂದು ಅಲ್ಲಿದ್ದ ಕರುಳಿನ ಸುರುಳಿ ಇಂದು ಬೇರೆಲ್ಲೋ ಇರುತ್ತದೆ.

ಪ್ರತಿ ಬಾರಿಯೂ ಕೋನ್ ಬೀಮ್ ಸಿಟಿ (ಚಿಕಿತ್ಸೆಯ ಯಂತ್ರದಲ್ಲೇ ತೆಗೆಯುವ ಸಿಟಿ) ತೆಗೆಯಿರಿ. ಸೇಕ್ರಮ್‌ಗೆ ಅಂಟಿದ ಗೆಡ್ಡೆಗೆ ಮೂಳೆ ಹೊಂದಿಸಿದರೆ ಸಾಕು. ಮೂತ್ರಕೋಶದ ಹಿಂದಿನ ಗೆಡ್ಡೆ ಮಾತ್ರ ಮೂತ್ರಕೋಶದೊಂದಿಗೇ ಸರಿಯುತ್ತದೆ, ಅಲ್ಲಿ ಮೃದು ಅಂಗಾಂಶ ನೋಡಿಯೇ ಹೊಂದಿಸಬೇಕು. ಕರುಳಿನ ಸುರುಳಿ ಹೆಚ್ಚು ಡೋಸ್ ಬೀಳುವ ಜಾಗಕ್ಕೆ ಇಳಿದಿದ್ದರೆ ಬೀಮ್ ತಡೆದು, ಮೂತ್ರಕೋಶ ತುಂಬುವವರೆಗೆ ಕಾದು ಮತ್ತೆ ಚಿತ್ರ ತೆಗೆಯಿರಿ.